ಹಗಲು ಹೊತ್ತಿನ ಬಾಗಿಲು

ನಮ್ಮ ಬೀದಿಯಲ್ಲಿ ಬಾಗಿಲು ಎನ್ನುವುದು ರಾತ್ರಿಗೆ ಮಾತ್ರ ಬೇಕಾಗುವ ಪದಾರ್ಥ. ಬೆಳಗಿನ ಜಾವ ಅಂಗಳಕ್ಕೆ ನೀರು ಹಾಕಲೆಂದು ತೆರೆದ ಕದ ಮತ್ತೆ ಮುಚ್ಚಿಕೊಳ್ಳುವುದು ರಾತ್ರಿಯೂಟದ ತಟ್ಟೆಗಳನ್ನು ತೊಳೆದು ಬೋರಲು ಹಾಕಿದ ಮೇಲೆಯೇ. ನಡುವಿನ ಅಷ್ಟೂ ಹೊತ್ತು ಗಾಳಿ, ಬೆಳಕು, ನೊಣ, ನೆರೆಹೊರೆ ಎಲ್ಲವೂ ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಬಂದು ಹೋಗುತ್ತಿರುತ್ತವೆ. ಹಗಲಿನಲ್ಲಿ ಕದ ಮುಚ್ಚಿದ್ದರೆ ಮನೆಯವರು ಊರಲ್ಲಿಲ್ಲ, ಇಲ್ಲವೇ ಗಂಡಹೆಂಡಿರಿಗೆ ಜಗಳವಾಗಿದೆ, ಅದೂ ಅಲ್ಲವಾದರೆ ಯಾರಿಗೋ ಮೈ ಸರಿಯಿಲ್ಲ ಎಂದು ತಿಳಿಯಬೇಕು. ಇನ್ನು ಕದ ತಟ್ಟುವುದಂತೂ ಕರೆಂಟಿನ ಮೀಟರು ನೋಡಲು ಬರುವವನ ಕೆಲಸ. ಮರ್ಯಾದಸ್ಥರು ಅಂಗಳದಲ್ಲೊಮ್ಮೆ ಕೆಮ್ಮಿ, ಏನು ಮಾಡುತ್ತಿದ್ದೀರಿ ಎಂದು ಕೇಳುತ್ತ ಅಡುಗೆಮನೆಯವರೆಗೂ ನಡೆದುಬಂದುಬಿಡುತ್ತಾರೆ.

ಇದೊಂದು ಪದ್ಧತಿ ಎಂಬುದೇ ನನಗೆ ಹೊಳೆದಿರಲಿಲ್ಲ, ನೋರಾ ಬರುವವರೆಗೆ.

ನೋರಾ ಐರ್ಲೆಂಡಿನವಳು. ಕೆ.ಆರ್. ಪೇಟೆಯ ಹೊರಗಿರುವ ಖಾಸಗಿ ಶಾಲೆಯೊಂದು ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಅವಳನ್ನು ಒಂದು ವರ್ಷದ ಮಟ್ಟಿಗೆ ಕರೆಸಿಕೊಂಡಿತು. ನಮ್ಮ ಮನೆಗೆ ಅಂಟಿಕೊಂಡ ಎರಡು ಕೋಣೆಯ ಮನೆ ಖಾಲಿ ಇದ್ದುದರಿಂದ ಅವಳು ನನ್ನ ಪಕ್ಕದವಳಾದಳು. ನಾನೋ ಕಾಲೇಜಿನಲ್ಲಿ ಹಳಗನ್ನಡದ ಪಾಠ ಹೇಳಿ ನಿವೃತ್ತಳಾದವಳು. ನನ್ನ ಇಂಗ್ಲಿಷು ವ್ಯಾಕರಣಶುದ್ಧವಾಗಿದೆ, ಆದರೆ ಬಾಯಿಂದ ಹೊರಡುವ ಮುನ್ನ ಪಂಚಾಂಗ ತೆರೆದು ಮುಹೂರ್ತ ನೋಡುತ್ತದೆ. ಹೀಗಾಗಿ ಮೊದಲ ಕೆಲವು ತಿಂಗಳು ನಮ್ಮ ಸಂಭಾಷಣೆ ಬಹುಪಾಲು ಮಂದಹಾಸದಲ್ಲೇ ನಡೆಯಿತು.

ಬೆಳಿಗ್ಗೆ ಅವಳು ಕಬ್ಬಿನ ಟ್ರಾಕ್ಟರುಗಳಿಗೆ ದಾರಿ ಬಿಡುತ್ತ ಸೈಕಲ್ಲಿನಲ್ಲಿ ಶಾಲೆಗೆ ಹೋಗುವಳು. ಒಬ್ಬರನ್ನೇ ಕೇಳಿದರೆ ತುಟಿ ಬಿಚ್ಚದ, ಎಲ್ಲರನ್ನೂ ಒಟ್ಟಿಗೆ ಕೇಳಿದರೆ ಸೂರು ಹಾರುವಂತೆ ಕೂಗುವ ಮಕ್ಕಳೊಡನೆ ದಿನವಿಡೀ ಹೆಣಗುವಳು. ಸಂಜೆ ಬಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಭಾನುವಾರಗಳಲ್ಲಿ ಒಬ್ಬಳೇ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆ ನೋಡಿಕೊಂಡು ಬಂದು ಮತ್ತೆ ಬಾಗಿಲು ಹಾಕಿಕೊಳ್ಳುವಳು. ತೆರೆದಿಟ್ಟರೆ ಮನೆಯ ಬಿಸುಪೆಲ್ಲ ಬೀದಿಪಾಲಾಗುವ ಶೀತದೇಶದಲ್ಲಿ ಬೆಳೆದ ಕೈ ತಾನಾಗಿಯೇ ಅಗುಳಿಯತ್ತ ಹೋಗುತ್ತಿತ್ತು ಎಂದು ಈಗ ಅರ್ಥವಾಗುತ್ತದೆ. ಆಗ ಬೀದಿಗೆ ಹಾಗೆ ಕಾಣಲಿಲ್ಲ.

ಎದುರುಮನೆಯ ಜಯಮ್ಮ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಹೆಂಗಸು. ಅಕ್ಕಿಹೆಬ್ಬಾಳಿನ ಹೇಮಾವತಿಯ ನೀರು ಕುಡಿದು ಬೆಳೆದ ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ಅಭಿಪ್ರಾಯಗಳು. ನೋರಾಳಿಗೆ ದಿನವೂ ಹಾಲು ಕೊಡುತ್ತಿದ್ದವಳು ಅವಳೇ, ಆದರೆ ಚೊಂಬನ್ನು ಹೊಸ್ತಿಲ ಬಳಿ ಇಟ್ಟು ಸದ್ದಿಲ್ಲದೆ ಹಿಂತಿರುಗುತ್ತಿದ್ದಳು. ಒಳಗೆ ಹೋಗಿ ಒಂದು ಮಾತಾಡಿಸಬಾರದೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಆವಮ್ಮ ಬಾಗ್ಲಾಕ್ಕೊಂಡವ್ಳೆ ಅಂದ್ರೆ ನಮ್ ಸವಾಸ ಬ್ಯಾಡ ಅಂತ ತಾನೆ? ಬುಡಿ ಮೇಡಮ್ಮೋರೆ" ಎಂದು ಕೈಯಾಡಿಸಿಬಿಟ್ಟಳು.

ಸಂಕ್ರಾಂತಿ ಕಳೆದ ಒಂದು ಸಂಜೆ ನೋರಾ ನಮ್ಮ ಜಗಲಿಗೆ ಬಂದು ಕುಳಿತಳು. ಇನ್ನೊಂದು ವರ್ಷ ಇರುವೆಯಾ ಎಂದು ಶಾಲೆಯವರು ಕೇಳಿದ್ದಾರೆ, ತಿಂಗಳ ಕೊನೆಯೊಳಗೆ ಹೇಳಬೇಕು, ಇಲ್ಲ ಎನ್ನಬೇಕೆಂದಿದ್ದೇನೆ ಎಂದಳು. ನಗುವಿನಲ್ಲೇ ಮಾತಾಡಿದ್ದರೂ ಈ ಹುಡುಗಿಯನ್ನು ನಾನು ಎಷ್ಟು ಹಚ್ಚಿಕೊಂಡಿದ್ದೇನೆಂದು ಆಗಲೇ ನನಗೆ ತಿಳಿದದ್ದು. ಊಟ ಒಗ್ಗಲಿಲ್ಲವೇ, ಮಕ್ಕಳು ಕಾಡುತ್ತಾರೆಯೇ ಎಂದು ವಿಚಾರಿಸಿದೆ. ಅದಾವುದೂ ಅಲ್ಲ. ಅವಳು ತನ್ನ ಕಾಲ ಬೆರಳುಗಳನ್ನೇ ನೋಡುತ್ತ, "ಇಷ್ಟು ದಿನದಲ್ಲಿ ನನ್ನ ಬಾಗಿಲನ್ನು ಒಬ್ಬರೂ ತಟ್ಟಲಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ನನಗೆ ನಗು ಬಂದುಬಿಟ್ಟಿತು. ನಗಬಾರದಿತ್ತು, ಆದರೆ ಕದದ ಆಚೆಗೆ ಇವಳು ಯಾರಾದರೂ ತಟ್ಟಲಿ ಎಂದು, ಈಚೆಗೆ ಬೀದಿಯೇ ಅವಳು ತೆರೆಯಲಿ ಎಂದು ವರ್ಷವಿಡೀ ಕಾದು ಕುಳಿತ ಚಿತ್ರ ಕಣ್ಣಿಗೆ ಕಟ್ಟಿತು. ಮುಹೂರ್ತಕ್ಕೂ ಕಾಯದೆ ನನ್ನ ಇಂಗ್ಲಿಷು ಅಂದು ದಡಬಡನೆ ಹೊರಬಂದಿತು. ನಮ್ಮಲ್ಲಿ ಯಾರೂ ತಟ್ಟುವುದಿಲ್ಲ, ನಾಳೆ ಭಾನುವಾರ, ಬಾಗಿಲು ತೆರೆದಿಟ್ಟುಕೊಂಡು ಸುಮ್ಮನೆ ಕೂತುಕೋ ಎಂದೆ. ತೆರೆದು ಏನು ಮಾಡಬೇಕು ಎಂದಳು. ಏನೂ ಮಾಡಬೇಡ ಎಂದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಮರುದಿನ ಮೊದಲ ಅತಿಥಿಯಾಗಿ ಒಂದು ಕೋಳಿ ಹೋಯಿತು. ಆಮೇಲೆ ಹಾಲಿನ ಚೊಂಬು ಹಿಡಿದು ಬಂದ ಜಯಮ್ಮ ತೆರೆದ ಕದದೆದುರು ಕ್ಷಣಕಾಲ ನಿಂತಳು, ಕೆಮ್ಮಿದಳು, ಒಳಗೆ ಹೊಕ್ಕಳು. ನೇರವಾಗಿ ಅಡುಗೆಮನೆಗೆ ಹೋಗಿ ಡಬ್ಬಗಳ ಮುಚ್ಚಳ ತೆಗೆದು ನೋಡಿ, ಈ ಹೆಣ್ಣು ಬದುಕಿರುವುದೇ ಹೆಚ್ಚು ಎಂದು ತೀರ್ಪಿತ್ತಳು. ತನ್ನ ಮನೆಗೆ ಹೋದವಳು ಹಿಂದಿನ ರಾತ್ರಿ ನೆನೆಹಾಕಿದ್ದ ಅವರೆಕಾಳಿನ ಬೋಗುಣಿಯನ್ನೇ ಹೊತ್ತು ತಂದು ನೋರಾಳ ಮುಂದಿಟ್ಟು, ಸಿಪ್ಪೆಯಿಂದ ಬೇಳೆಯನ್ನು ಹಿದುಕುವುದು ಹೇಗೆಂದು ತೋರಿಸಿದಳು. ನೋರಾ ಹಿದುಕಿದ ಮೊದಲ ಕಾಳು ಚಿಮ್ಮಿ ಜಯಮ್ಮನ ಕೆನ್ನೆಗೆ ಬಡಿಯಿತು. ಆ ನಗು ಕೇಳಿ ಅಕ್ಕಪಕ್ಕದವರೆಲ್ಲ ತಂತಮ್ಮ ಬೋಗುಣಿ ಹಿಡಿದು ಬಂದರು. ನಿನಗೆ ಅಪ್ಪ ಅಮ್ಮ ಇದ್ದಾರೆಯೇ, ಮದುವೆ ಯಾಕಿಲ್ಲ, ಕೂದಲಿಗೆ ಎಣ್ಣೆ ಯಾಕೆ ಹಚ್ಚುವುದಿಲ್ಲ ಎಂಬ ಪ್ರಶ್ನೆಗಳನ್ನೆಲ್ಲ ನಾನು ಅನುವಾದಿಸಿ ಸುಸ್ತಾದೆ. ಮಧ್ಯಾಹ್ನದ ಹೊತ್ತಿಗೆ ಅವಳು ನೋರಮ್ಮನಾಗಿದ್ದಳು.

ಆಮೇಲಿನ ದಿನಗಳಲ್ಲಿ ನಾನು ಅವಳಿಗೆ ಕನ್ನಡವನ್ನು ಶಾಸ್ತ್ರೋಕ್ತವಾಗಿ ಕಲಿಸಲು ಹೊರಟೆ. 'ಹೋಗುತ್ತೇನೆ' ಎಂದು ನಾನು ಬರೆಸುವುದು, 'ಓಯ್ತೀನಿ' ಎಂದು ಜಯಮ್ಮ ತಿದ್ದುವುದು. ಹಳಗನ್ನಡದ ಮೇಡಮ್ಮು ಸೋತಳೆಂದು ಬೇರೆ ಹೇಳಬೇಕಿಲ್ಲ. ಆದರೆ ಶಾಲೆಗೆ ಏನು ಹೇಳಿದೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ತಿಂಗಳು ಮುಗಿಯುತ್ತ ಬಂದಿತ್ತು.

ಹಾಗಿರುವಾಗ ಒಂದು ರಜೆಯ ಮಧ್ಯಾಹ್ನ ನೋಡುತ್ತೇನೆ, ನೋರಾಳ ಬಾಗಿಲು ಮುಚ್ಚಿದೆ. ಮುಗಿಯಿತು, ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದಾಳೆ ಎಂದುಕೊಂಡು ನಾನು ಪೆಚ್ಚಾಗಿ ನಿಂತೆ. ಅಷ್ಟರಲ್ಲಿ ಜಯಮ್ಮ ಸೆರಗು ಸಿಕ್ಕಿಸಿಕೊಂಡು ಬೀದಿ ದಾಟಿ ಬಂದವಳೇ, ಕದವನ್ನು ಎರಡೂ ಅಂಗೈಯಲ್ಲಿ ದಬದಬ ಬಡಿಯತೊಡಗಿದಳು. ಚೊಂಬಿಟ್ಟು ಹಿಂತಿರುಗುತ್ತಿದ್ದ ಕಾಲದಲ್ಲಿ ಅದು ಯಾರದೋ ಪರದೇಶಿಯ ಕದವಾಗಿತ್ತು. ಈಗ ನಮ್ಮ ಬೀದಿಯ ಮಗಳ ಕದ, ಮುಚ್ಚಿದರೆ ಮೈ ಸರಿಯಿಲ್ಲವೆಂದೇ ಅರ್ಥ. ಕೆದರಿದ ಕೂದಲಿನ ನೋರಾ ಕದ ತೆರೆದಳು. ಜಯಮ್ಮ ಅವಳ ಹಣೆ, ಕತ್ತು ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಸುಮ್ಮನೆ ನಿದ್ದೆ ಮಾಡುತ್ತಿದ್ದೆ ಎಂದು ನೋರಾ ತೊದಲಿದಳು.

"ಅದ್ಕೆ ಬಾಗ್ಲು ಯಾಕವ್ವ ಆಕ್ಬೇಕಿತ್ತು? ತಗ್ದಿದ್ರೆ ನಾವೇನ್ ಬಂದು ಎಬ್ಬುಸ್ಬುಡ್ತಿದ್ವಾ?" ಎಂದು ಅವಳನ್ನು ಎಬ್ಬಿಸಿದ ಜಯಮ್ಮನೇ ಗದರಿದಳು.

ನೋರಾ ನಗಲು ಹೋದಳು, ಆದರೆ ಕಣ್ಣು ತುಂಬಿಕೊಂಡಿತು. ನನಗೂ ಅದೇ ಗತಿ. ಅವಳು ಜಯಮ್ಮನ ಕೈಯನ್ನು ತನ್ನ ಕತ್ತಿನ ಬಳಿಯಲ್ಲೇ ಹಿಡಿದುಕೊಂಡು, ನಾನು ಬರೆಸಿದ ಒಂದಕ್ಷರವನ್ನೂ ಬಳಸದೆ ಹೇಳಿದಳು: "ನಾ ಎಲ್ಗೂ ಓಗಕ್ಕಿಲ್ಲ ಕಣಕ್ಕ. ಇಸ್ಕೂಲಲ್ಲಿ ಯೋಳ್ಬುಟ್ಟಿವ್ನಿ."

"ಓಗು ಅಂದೋರ್ಯಾರು?" ಎಂದಳು ಜಯಮ್ಮ. "ಮೊಕ ತೊಳ್ಕೊಂಡ್ ಬಾ, ಕಾಪಿ ಕಾಯುಸ್ತೀನಿ."