ಅಣ್ಣನ ಐದನೆಯ ನಿಲುವು

ಜೂನ್ ಮೊದಲ ವಾರ, ಬೆಳಿಗ್ಗೆ ಏಳೂವರೆಗೆ ಮೈಸೂರಿನ ಬಸ್ ನಿಲ್ದಾಣದಿಂದ ಹೊರಟೆ. ಕೆ.ಆರ್. ನಗರಕ್ಕೆ ಸುಮಾರು ನಲವತ್ತು ಕಿಲೋಮೀಟರ್. ಆಧಾರ್ ಕಾರ್ಡ್ ತೋರಿಸಿದೆ. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು. ಅದನ್ನು ಡೈರಿಯೊಳಗೆ ಇಟ್ಟುಕೊಂಡೆ. ಅಲ್ಲಿ ಆಗಲೇ ಎರಡು ಕಾಗದಗಳಿದ್ದವು: ಅಣ್ಣನ ಪ್ರಚಾರದ ಕರಪತ್ರ, ಮತ್ತು ನನ್ನ ಮತದಾರರ ಚೀಟಿ.

ಅಣ್ಣ ಶಿವಮಲ್ಲಪ್ಪ ಕಾಲೇಜಿನ ಪ್ರಾಂಶುಪಾಲನಾಗಿ ನಿವೃತ್ತನಾದವನು. ಈ ಸಲ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಪಕ್ಷೇತರನಾಗಿ ನಿಂತಿದ್ದ. ಡಿಗ್ರಿ ಮಾಡಿದವರು ಮಾತ್ರ, ಒಂದು, ಎರಡು ಎಂದು ಪ್ರಾಶಸ್ತ್ಯದ ಅಂಕಿ ಬರೆದು ಓಟು ಹಾಕುವ ಚುನಾವಣೆ ಇದು. ಕರಪತ್ರದ ಮೇಲೆ ‘ರಾಷ್ಟ್ರದ ಬಗ್ಗೆ ನನ್ನ ಏಳು ನಿಲುವುಗಳು’ ಎಂದಿತ್ತು. ದೇಶಕ್ಕೆಲ್ಲ ಒಂದೇ ಕಾನೂನು ಬೇಕು, ಗಡಿ ಬಿಗಿಯಾಗಬೇಕು, ಬಿಟ್ಟಿ ಯೋಜನೆಗಳು ನಿಲ್ಲಬೇಕು, ಹೆಂಡ ಮತ್ತು ತಂಬಾಕು ಹಂತಹಂತವಾಗಿ ಹೋಗಬೇಕು. ಏಳನೆಯದು, ಐದನೇ ತರಗತಿಯವರೆಗೆ ತಾಯ್ನುಡಿಯಲ್ಲೇ ಪಾಠ. ಅದನ್ನು ನಾನೂ ಒಪ್ಪುತ್ತೇನೆ. ಐದನೆಯದು ಕುಟುಂಬದ್ದು: ವಿಚ್ಛೇದನ ಇಷ್ಟು ಸುಲಭವಾಗಬಾರದು, ಕೋರ್ಟಿಗೆ ಹೋಗುವ ಮೊದಲು ಗಂಡ ಹೆಂಡತಿ ಹಿರಿಯರ ಸಮ್ಮುಖದಲ್ಲಿ ಒಂದು ವರ್ಷ ಕೂಡಿ ಬಾಳಿ ನೋಡಬೇಕೆಂದು ಕಾಯ್ದೆ ಬರಬೇಕು.

ನನಗೆ ವಿಚ್ಛೇದನವಾಗಿ ಹತ್ತೊಂಬತ್ತು ವರ್ಷವಾಯಿತು.

ನಾನು ಹೊರಟದ್ದು ಮಾತ್ರ ಮತದಾರರ ಚೀಟಿಯ ಕಾರಣಕ್ಕೆ. ಅದರಲ್ಲಿ ‘ಸರ್ವಮಂಗಳ, ಎಂ.ಎ.’ ಎಂದಿತ್ತು, ಕೆಳಗೆ ಗಂಡನ ಹೆಸರಿನ ಜಾಗದಲ್ಲಿ ಆತನ ಹೆಸರಿತ್ತು. ಚಳಿಗಾಲದಲ್ಲಿ ಅಣ್ಣನ ಕಡೆಯವರು ನೋಂದಣಿಯ ಅರ್ಜಿ ತಂದಾಗ ನಾನು ಗ್ರಂಥಾಲಯದ ಕೆಲಸಕ್ಕೆ ಹೊರಟಿದ್ದೆ. ಖಾಲಿ ಅರ್ಜಿಗೆ ಸಹಿ ಹಾಕಿ, “ಮಿಕ್ಕಿದ್ದು ನೀವೇ ತುಂಬಿಕೊಳ್ಳಿ” ಎಂದಿದ್ದೆ. ತುಂಬಿಕೊಂಡಿದ್ದರು. ಅದು ಬರೆದವರ ತಪ್ಪೋ, ಅಣ್ಣ ಹೇಳಿ ಬರೆಸಿದ್ದೋ ತಿಳಿಯಬೇಕಿತ್ತು. ಫೋನ್ ಮಾಡಿದಾಗಲೆಲ್ಲ ಬೇರೆ ಯಾರೋ ಎತ್ತಿ, “ಸರ್ ಮೀಟಿಂಗಲ್ಲಿದ್ದಾರೆ” ಎನ್ನುತ್ತಿದ್ದರು. ಕರಪತ್ರದ ಹಿಂಬದಿಯಲ್ಲಿ ಮೂರು ದಿನದ ಪ್ರವಾಸದ ಪಟ್ಟಿಯಿತ್ತು. ಅದನ್ನೇ ಹಿಡಿದು ಹೊರಟೆ.

ಪಕ್ಕದಲ್ಲಿ ಕೂತ ಹೆಂಗಸು ಬಿಳಿಕೆರೆ ದಾಟುವಷ್ಟರಲ್ಲಿ ನನ್ನ ಊರು, ಕೆಲಸ ಎಲ್ಲ ಕೇಳಿದ್ದರು. “ಯಜಮಾನ್ರು ಏನ್ ಮಾಡ್ತಾರವ್ವ?” ಎಂದರು.

“ಬ್ಯಾಂಕಲ್ಲಿದ್ದಾರೆ” ಎಂದೆ.

ಇದು ನನ್ನ ಹಳೆಯ ಉತ್ತರ. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಮದುವೆ ಮನೆಯಲ್ಲಿ ಹೀಗೇ ಹೇಳಿದ್ದೇನೆ. ಅವತ್ತೂ ಬಾಯಿಗೆ ತಾನಾಗಿ ಬಂತು.

ಕೆ.ಆರ್. ನಗರದ ಸಭೆ ಒಂದು ಕಲ್ಯಾಣ ಮಂಟಪದಲ್ಲಿತ್ತು. ಹೊರಗೆ ಉಪ್ಪಿಟ್ಟು, ಕಾಫಿ. ಒಳಗೆ ಮೇಷ್ಟ್ರುಗಳು, ವಕೀಲರು, ಕೆಲಸವಿಲ್ಲದ ಪದವೀಧರರು, ಒಟ್ಟು ನೂರು ಜನರಿದ್ದಾರು. ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕೂತೆ. ಅಣ್ಣ ವಿಭೂತಿ ಇಟ್ಟು, ಬಿಳಿ ಅಂಗಿಯಲ್ಲಿ ನಿಂತು ಚೆನ್ನಾಗಿಯೇ ಮಾತಾಡಿದ. ಬಿಟ್ಟಿ ಯೋಜನೆಗಳಿಂದ ದೇಶ ಹಾಳಾಗುತ್ತದೆ ಎಂದಾಗ ನಾನು ಡೈರಿಯ ಮೇಲೆ ಕೈ ಇಟ್ಟುಕೊಂಡೆ.

ಐದನೆಯ ನಿಲುವಿಗೆ ಬಂದಾಗ ಅವನು ಜೇಬಿನಿಂದ ಒಂದು ನೀಲಿ ಅಂತರ್ದೇಶೀಯ ಪತ್ರ ತೆಗೆದ. “ನನ್ನ ಸ್ವಂತ ತಂಗಿ ಬರೆದದ್ದು. ಗಂಡನ ಮನೆ ಬಿಟ್ಟು ಬಂದಿದ್ದಳು. ನಾನೇ ಕರಕೊಂಡು ಹೋಗಿ ಬಿಟ್ಟು ಬಂದೆ. ಹದಿನೈದು ದಿನಕ್ಕೆ ಈ ಕಾಗದ ಬಂತು” ಎಂದು ಓದಿದ.

“ಅಣ್ಣನಿಗೆ ನಮಸ್ಕಾರ. ಇಲ್ಲಿ ಮಳೆ ಚೆನ್ನಾಗಿದೆ. ನೀನು ಬಿಟ್ಟು ಹೋದ ಮೇಲೆ ಎಲ್ಲ ಸರಿಯಾಗಿದೆ. ಅವರು ಈಗ ಮಾತಾಡುತ್ತಾರೆ. ದುಡುಕಿದ್ದು ನಾನೇ. ಅವ್ವನಿಗೆ ಹೇಳು, ನನ್ನ ಚಿಂತೆ ಬಿಟ್ಟು ನಿದ್ದೆ ಮಾಡಲಿ.”

ಚಪ್ಪಾಳೆ ಬಿತ್ತು. ಕಾಗದ ಬರೆದ ನೆನಪು ನನಗಿರಲಿಲ್ಲ. ಆದರೆ ನಾನು ಯಾರಿಗೆ ಬರೆದರೂ ಮಳೆಯಿಂದಲೇ ಶುರು ಮಾಡುವವಳು. ಅದರ ಮುಂದಿನ ವರ್ಷ ಒಂದೇ ಒಂದು ಚೀಲ ಹಿಡಿದು ನಾನು ಹೊರಗೆ ಬಂದದ್ದನ್ನು ಅಣ್ಣ ಹೇಳಲಿಲ್ಲ. ಎದ್ದು ಮುಂದೆ ಹೋಗಬೇಕೆಂದಿದ್ದೆ. ಜನ ಅವನನ್ನು ಸುತ್ತುವರಿದರು, ಕಾರು ಹೊರಟಿತು. ಡೈರಿಯಲ್ಲಿ ಜನ ಅಡ್ಡ ಬಂದರೆಂದು ಬರೆದಿದ್ದೇನೆ. ನಾನು ಏಳಲೇ ಇಲ್ಲ ಎನ್ನುವುದೂ ನಿಜವಿರಬಹುದು.

ಮಧ್ಯಾಹ್ನದ ಬಸ್ಸಿನಲ್ಲಿ ಹುಣಸೂರಿಗೆ ಬಂದು ಲಾಡ್ಜಿನಲ್ಲಿ ರೂಮು ಮಾಡಿದೆ. ತುಂತುರು ಮಳೆ. ದಾರಿಯುದ್ದಕ್ಕೂ ಹೊಲಗಳಲ್ಲಿ ತಂಬಾಕಿನ ಸಸಿ ನೆಡುತ್ತಿದ್ದರು. ಸಂಜೆ ಹೋಟೆಲಿನಲ್ಲಿ ಮುದ್ದೆ, ಸೊಪ್ಪಿನ ಸಾರು ತಿನ್ನುವಾಗ ಎದುರಿಗೆ ಕೂತವರು ನನ್ನ ಕೈಲಿದ್ದ ಕರಪತ್ರ ನೋಡಿ ನಕ್ಕರು. ಹೆಸರು ಪುಟ್ಟರಾಜು, ಗುರುಪುರದ ಕಡೆ ತಂಬಾಕು ಬೆಳೆಯುವವರು, ಬಿ.ಕಾಂ.

“ನಿಮ್ಮೋರಾ ಇವ್ರು?”

“ಗೊತ್ತಿರೋರು” ಎಂದೆ.

“ಒಳ್ಳೆ ಮನ್ಸ ಕಣ್ರೀ. ಆದ್ರೆ ಹೋದ್ವಾರ ಹುಣಸೂರಿಗೆ ಬಂದು ತಂಬಾಕು ಬುಟ್ಬುಡಿ ಅಂದ್ರಲ್ಲ! ಮೀನಿನ ಮುಂದೆ ನಿಂತ್ಕಂಡು ನೀರು ಬ್ಯಾಡ ಅಂದಂಗೆ.” ಅವರೇ ಜೋರಾಗಿ ನಕ್ಕರು. “ಗಡಿ ವಿಚಾರನೂ ಯೋಳುದ್ರು. ನಮ್ ಗುರುಪುರದ ಕ್ಯಾಂಪಲ್ಲಿರೋ ಟಿಬೆಟ್ನೋರು ಎಲ್ಲಿಗೋಗ್ಬೇಕು ಅಂತ ಕೇಳ್ದೆ. ಅವ್ರು ಅತಿಥಿಗಳು, ಅವ್ರ್ನ ಕಾಯೋದು ನಮ್ ಧರ್ಮ ಅಂದ್ರು. ಅದು ಸರಿ ಅನ್ನುಸ್ತು, ಓಟು ಆಕ್ತೀನಿ.”

“ಒಂದನೇ ಪ್ರಾಶಸ್ತ್ಯಾನಾ?”

“ಮೊದ್ಲು ನನ್ನೋಟು ನಿಲ್ಲಬೇಕಲ್ಲ! ಹೋದ್ಸಲ ಏನಾಯ್ತು ಗೊತ್ತಾ? ಅಲ್ಲೇ ಕೊಡೋ ಪೆನ್ನಲ್ಲಿ ಬರೀ ಒಂದು ಅಂತ ಅಂಕಿ ಬರೀಬೇಕು, ಅಷ್ಟೇಯ. ನಾನು ಒಂದು ಬರ್ದು ಕೆಳಗೆ ಸೈನ್ ಮಾಡ್ಬುಟ್ಟೆ. ಮನೆಗೋಗಿ ಯೋಳುದ್ರೆ ನನ್ನೆಂಡ್ರು, ಎಸ್ಸೆಲ್ಸಿ ಫೇಲು ಅವ್ಳು, ಓಟು ಕೆಟ್ಟೋಯ್ತಲ್ಲ ಅಂದ್ಲು. ಓದ್ದೋರ್ಗೆ ಸೈನ್ ಆಕೋ ಚಟ ಕಣ್ರೀ. ಕಾಗದ ಕಂಡ್ರೆ ಸಾಕು!”

ನಾನೂ ನಕ್ಕೆ. ರೂಮಿಗೆ ಬಂದು ಡೈರಿ ಬರೆಯುವಾಗ ಖಾಲಿ ಅರ್ಜಿಯ ಕೆಳಗಿನ ನನ್ನ ಸಹಿ ನೆನಪಾಯಿತು.

ಎರಡನೆಯ ದಿನ ಪಿರಿಯಾಪಟ್ಟಣ. ಅರ್ಧ ಗಂಟೆಯ ದಾರಿ, ಮತ್ತೆ ಸೊನ್ನೆ ಟಿಕೆಟ್. ನಾನು ಸೊಸೆಯಾಗಿ ಮೂರು ವರ್ಷ ಇದ್ದ ಊರದು. ಬಿಟ್ಟ ಮೇಲೆ ಕಾಲಿಟ್ಟಿರಲಿಲ್ಲ. ಸಭೆ ಹನ್ನೊಂದಕ್ಕಿತ್ತು, ಎರಡು ಗಂಟೆ ಮುಂಚೆ ಹೋಗಿ ಆ ಬೀದಿಯನ್ನು ಹುಡುಕಿದೆ.

ನನ್ನ ನೆನಪಿನ ಬೀದಿಯಲ್ಲಿ ಒಂದು ಹುಣಸೆಮರ, ಅದರೆದುರು ಹಸಿರು ಬಾಗಿಲಿನ ಮನೆ. ಮನೆಯಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಪಕ್ಕದ ದಿನಸಿ ಅಂಗಡಿಯ ವಯಸ್ಸಾದವರನ್ನು ಮರದ ಬಗ್ಗೆ ಕೇಳಿದೆ.

“ಹುಣಸೆಮರನಾ? ನಾನು ಹುಟ್ಟಿದ್ದೇ ಈ ಬೀದೀಲಿ. ಇಲ್ಯಾವ ಮರನೂ ಇರ್ಲಿಲ್ಲ ಕಣವ್ವ.”

“ಆ ಮನೆಯವರು?”

“ಮಾರ್ಬುಟ್ಟು ಬೆಂಗ್ಳೂರಿಗೆ ಒಂಟೋದ್ರು. ಮಗ ಇನ್ನೊಂದು ಮದ್ವೆ ಮಾಡ್ಕಂಡ. ಮೊದುಲ್ನೆ ಎಂಡ್ರು ಬುಟ್ಟೋಗಿದ್ಲು. ಪಾಪ, ಯಾವಾಗ್ಲೂ ಏನಾದ್ರೂ ಓದ್ತಾ ಕೂತಿರ್ತಿತ್ತು ಆ ಉಡ್ಗಿ. ನೀವ್ ಅವ್ರ್ಗೇನಾಗ್ಬೇಕು?”

“ಇಲ್ಲೇ ಮೊದಲು ಬಾಡಿಗೆಗಿದ್ದೆವು” ಎಂದು ಹೇಳಿ ಸರಿದೆ.

ಬೀದಿಯ ತುದಿಯಲ್ಲಿ ಅಂಚೆಯ ಕೆಂಪು ಡಬ್ಬ ಮಾತ್ರ ಅಲ್ಲೇ ಇತ್ತು. ಅದರ ಬಾಯಿಯ ತಗಡು ಮುಟ್ಟಿದಾಗ ಕಾಗದದ ನೆನಪು ಬಂತು. ಅಡಿಗೆಮನೆಯಲ್ಲಿ ನಿಂತೇ ಬರೆದಿದ್ದೆ. ಅಣ್ಣ ನನ್ನನ್ನು ಬಿಟ್ಟು ಹೋದ ಹದಿನೈದು ದಿನದಲ್ಲಿ ಆತ ಒಂದು ಮಾತೂ ಆಡಿರಲಿಲ್ಲ. ಅವ್ವ ಆಸ್ಪತ್ರೆಗೆ ಸೇರಿದ್ದಳು. ನನ್ನ ಯೋಚನೆಯಲ್ಲಿ ನಿದ್ದೆ ಮಾಡುತ್ತಿಲ್ಲವೆಂದು ಯಾರೋ ಹೇಳಿದ್ದರು. ಅವಳಿಗೆ ಓದಿ ಹೇಳಲೆಂದು ಬರೆದ ಸುಳ್ಳು ಅದು. ಹೀಗೆ ನೆನಪಿದೆ ಎನ್ನುತ್ತೇನೆ, ಆದರೆ ಇಲ್ಲದ ಹುಣಸೆಮರವೂ ನನಗೆ ಎಲೆ ಸಮೇತ ನೆನಪಿತ್ತು. ಆತ ಕೈ ಮಾಡಿದ್ದು ಎರಡು ಸಲ ಎಂದು ನಾನು ತಿಳಿದುಕೊಂಡಿದ್ದೇನೆ. ಹಳೆಯ ಡೈರಿಯಲ್ಲಿ ಮೂರು ಎಂದಿದೆ. ಡೈರಿಯೇ ಸರಿಯಿರಬೇಕು.

ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಸಭಾಂಗಣ ತುಂಬಿತ್ತು. ಕಾನೂನು, ಗಡಿ, ಬಿಟ್ಟಿ ಯೋಜನೆ, ತಂಬಾಕು. ತಂಬಾಕಿಗೆ ಇಲ್ಲೂ ಗೊಣಗಾಟವಾಯಿತು. ಆದರೂ ಅಣ್ಣ ಆ ಮಾತನ್ನು ಬಿಡಲಿಲ್ಲ. ಪರ್ಯಾಯ ಬೆಳೆ ಬರುವವರೆಗೆ ಯಾರ ಹೊಲಕ್ಕೂ ಕೈ ಹಾಕಬಾರದು ಎಂದು ವಿವರಿಸಿದ. ಅವನ ಆ ಗಟ್ಟಿತನ ಚಿಕ್ಕಂದಿನಿಂದ ನನಗೆ ಇಷ್ಟ. ಆಮೇಲೆ ಐದನೆಯದು. “ಕುಟುಂಬ ಉಳಿದರೆ ದೇಶ ಉಳಿಯುತ್ತದೆ” ಎಂದ. ಕೈ ಜೇಬಿನ ಹತ್ತಿರ ಹೋಯಿತು. ಸಭೆಯನ್ನೊಮ್ಮೆ ನೋಡಿದ. ಕೈ ಕೆಳಗಿಳಿಸಿ ಆರನೆಯ ನಿಲುವಿಗೆ ಹೋದ.

ಎಲ್ಲ ಸರಿಯಾಗಿರಲಿಲ್ಲವೆಂದು ಈ ಊರಿನವರಿಗೆ ಗೊತ್ತಿದೆ. ಅಂದರೆ, ಅಣ್ಣನಿಗೂ ಗೊತ್ತಿದೆ.

ಆ ದಿನ ಮತ್ತೆ ಹುಣಸೂರಿಗೆ ಬಂದು ಉಳಿದೆ. ಆ ಊರಿನಲ್ಲಿ ಎದ್ದು ಅಣ್ಣನ ಹತ್ತಿರ ಹೋದರೆ ಜನ ಗುರುತು ಹಿಡಿಯುತ್ತಾರೆಂದು ಅಂಜಿದ್ದೆ. ರೂಮಿನ ಕಿಟಕಿಯಿಂದ ಎದುರು ಮನೆಯವರು ಊಟಕ್ಕೆ ಕೂರುವುದು ಕಾಣುತ್ತಿತ್ತು, ಪರದೆ ಎಳೆದೆ.

ಮೂರನೆಯ ದಿನ ಎಚ್.ಡಿ. ಕೋಟೆಗೆ ಒಂದು ಗಂಟೆಗೂ ಮೀರಿದ ದಾರಿ. ಬಸ್ಸಿನಲ್ಲಿ ಮಲಯಾಳಂ ಮಾತಾಡುವ ವ್ಯಾಪಾರಿಗಳಿದ್ದರು. ಕಾಕನಕೋಟೆ ಕಾಡಿನ ಕಡೆಯಿಂದ ಮೋಡ ಬರುತ್ತಿತ್ತು. ಸಭೆಯಲ್ಲಿ ಅಣ್ಣ ನೀಲಿ ಕಾಗದ ತೆಗೆದು ಪೂರ್ತಿ ಓದಿದ. ಚಪ್ಪಾಳೆ ನಿಂತ ಮೇಲೆ ಈ ಸಲ ಎದ್ದು ಮುಂದೆ ಹೋದೆ.

“ಮಂಗಳಾ? ನೀನ್ಯಾವಾಗ ಬಂದೆ?” ಅಣ್ಣ ಕಾಗದವನ್ನು ಮಡಚಿ ಜೇಬಿಗಿಟ್ಟ. ಆಮೇಲೆ ಸುತ್ತಲಿನವರ ಕಡೆ ತಿರುಗಿ, “ಇವಳೇ ನಮ್ಮ ತಂಗಿ” ಎಂದ. ಒಬ್ಬ ವಕೀಲರು ನನಗೆ ಕೈ ಮುಗಿದರು.

ಊಟ ಅಲ್ಲಿಯ ದಿನಸಿ ವ್ಯಾಪಾರಿಯೊಬ್ಬರ ಮನೆಯಲ್ಲಿ. ಅವರ ಹೆಂಡತಿ ರಾಜಮ್ಮ ಬಡಿಸಿದರು. ಊಟವಾದ ಮೇಲೆ ಜಗಲಿಯಲ್ಲಿ ಅಣ್ಣ ನಾನು ಇಬ್ಬರೇ ಆದೆವು. ಮತದಾರರ ಚೀಟಿ ತೋರಿಸಿದೆ.

“ಯಾರು ಬರೆಸಿದ್ದು?”

“ನಾನೇ. ಅಪ್ಪನ ಹೆಸರು ಹಾಕಿದ್ರೆ ಜನ ಯಾಕೆ ಅಂತ ಕೇಳೋರು.” ಆಮೇಲೆ, “ಕಾಗದ ಓದಿದ್ದಕ್ಕೂ ನಿಂಗೆ ಬೇಜಾರು ಅಂತ ಗೊತ್ತಾಗ್ತದೆ. ಆದ್ರೆ ಅದು ನಿನ್ನ ಅಕ್ಷರ ತಾನೆ? ನಾನೇನು ಕಟ್ಟಿ ಹೇಳ್ತಿಲ್ವಲ್ಲ” ಎಂದ.

“ನನ್ನ ಅಕ್ಷರವೇ. ಪಿರಿಯಾಪಟ್ಟಣದಲ್ಲಿ ಯಾಕೆ ಓದಲಿಲ್ಲ ಅಣ್ಣ?”

ನಾನು ಅಲ್ಲಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಮಜ್ಜಿಗೆಯ ಲೋಟವನ್ನು ತಿರುಗಿಸಿದ.

“ಅವತ್ತು ನೀನು ಬಸ್ಸಲ್ಲಿ ಒಂದು ಮಾತೂ ಆಡ್ಲಿಲ್ಲ” ಎಂದ. “ಬಿಟ್ಟು ಬರೋವಾಗ ನೀನು ಬಾಗಿಲಲ್ಲಿ ನಿಂತಿದ್ದೆ. ನಾನು ಮಾಡಿದ್ದು ಸರಿ ಅಂತ ಹೇಳ್ಕೊಳ್ಳೋಕೆ ನನ್ನತ್ರ ಇರೋದು ಇದೊಂದೇ ಕಾಗದ ಕಣೆ.”

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೇನೋ. ಅವನ ಕಿವಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಅದು ಅವ್ವನಿಗೆ ನಿದ್ದೆ ಬರಲಿ ಅಂತ ಬರೆದದ್ದು. ಇನ್ನು ಓದಬೇಡ” ಎಂದೆ.

ಅವನು ಉತ್ತರ ಕೊಡುವ ಮೊದಲೇ ರಾಜಮ್ಮ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಬಟ್ಟೆ ಇಟ್ಟುಕೊಂಡು ಬಂದರು. ಮಡಿಲಕ್ಕಿ. ತವರಿನಿಂದ ಗಂಡನ ಮನೆಗೆ ಹೊರಡುವ ಹೆಣ್ಣಿಗೆ ಕೊಡುವುದು. ಸಭೆಯಲ್ಲಿ ಓದಿದ ಕಾಗದದ ಸುದ್ದಿ ಅಡಿಗೆಮನೆಗೂ ಬಂದಿತ್ತು.

“ಬನ್ನಿ ತಾಯಿ, ಸೆರಗು ಹಿಡೀರಿ. ಗಂಡನ ಮನೆಗೆ ಹೊರಟೋರ್ನ ಬರಿ ಮಡ್ಲಲ್ಲಿ ಕಳ್ಸಬಾರ್ದು.”

ಸೆರಗು ಹಿಡಿದಿದ್ದರೆ ಮುಗಿಯುತ್ತಿತ್ತು. ಬ್ಯಾಂಕಲ್ಲಿದ್ದಾರೆ ಎಂದಷ್ಟೇ ಸುಲಭ. ಅಣ್ಣ ಸರಗೂರಿನ ಸಭೆಗೆ ಹೊರಡಲು ಎದ್ದು, ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿ ನನ್ನನ್ನೇ ನೋಡುತ್ತಿದ್ದ.

“ನಾನು ಗಂಡನ ಮನೆಗೆ ಹೋಗ್ತಿಲ್ಲ ರಾಜಮ್ಮ. ಡೈವೋರ್ಸ್ ಆಗಿ ಹತ್ತೊಂಬತ್ತು ವರ್ಷ ಆಯ್ತು. ಮೈಸೂರಲ್ಲಿ ನನ್ನ ಮನೆಗೆ ಹೋಗ್ತಿದ್ದೀನಿ.”

ರಾಜಮ್ಮ ಅಣ್ಣನನ್ನು ನೋಡಿದರು. ನನ್ನನ್ನು ನೋಡಿದರು. ಮೊರ ಅಲ್ಲೇ ನಿಂತಿತು.

“ಆ ಮನೇಲಿ ಒಲೆ ಅಂಟ್ಸೋರು ಯಾರು?”

“ನಾನೇ.”

“ಮತ್ತಿನ್ನೇನು? ಹಿಡೀರಿ ಸೆರಗ, ಬಸ್ಸು ಓಯ್ತದೆ.” ಮೂರು ಸಲ ಅಕ್ಕಿ ಸುರಿದರು. “ಮನೆ ಮುಟ್ಟೋಗಂಟ ಮಡ್ಲು ಬಿಚ್ಬ್ಯಾಡಿ.”

ಅಣ್ಣ ಇನ್ನೊಂದು ಚಪ್ಪಲಿ ಮೆಟ್ಟಿದ. “ಹುಷಾರಾಗಿ ಹೋಗು” ಎಂದ. ಓದುವುದಿಲ್ಲ ಎನ್ನಲಿಲ್ಲ, ಓದುತ್ತೇನೆ ಎಂದೂ ಅನ್ನಲಿಲ್ಲ. ಕಾರು ಸರಗೂರಿನ ರಸ್ತೆಗೆ ತಿರುಗಿತು.

ಮೈಸೂರಿನ ಬಸ್ಸಿನಲ್ಲಿ ಎರಡೂ ಕೈಯಲ್ಲಿ ಸೆರಗು ಹಿಡಿದು ಕೂತೆ. ಪಕ್ಕದ ಹೆಂಗಸು ನನ್ನ ಚೀಲದಿಂದ ಆಧಾರ್ ತೆಗೆದು ಕಂಡಕ್ಟರಿಗೆ ತೋರಿಸಿದರು. “ತವ್ರಿಂದ ಬತ್ತಾ ಇದ್ದೀರಾ?” ಎಂದರು.

“ಅಣ್ಣನ್ನ ನೋಡ್ಕೊಂಡು ಬರ್ತಿದ್ದೀನಿ.”

“ಯಜಮಾನ್ರು ಬರ್ಲಿಲ್ವಾ?”

“ಇಲ್ಲ. ನಾನೊಬ್ಬಳೇ ಇರೋದು.”

ಅವರು ಸ್ವಲ್ಪ ಹೊತ್ತು ನನ್ನ ಮಡಿಲನ್ನು ನೋಡಿ, ಕಿಟಕಿಯ ಕಡೆ ತಿರುಗಿದರು. ಹಂಪಾಪುರದಲ್ಲಿ ಇಳಿದರು. ಅವರ ಸೀಟಿಗೆ ಬೇರೆ ಯಾರೂ ಬಂದು ಕೂರಲಿಲ್ಲ.

ಬಸ್ಸಿನ ಗಡಿಯಾರದಲ್ಲಿ ನಾಲ್ಕಾಗಿತ್ತು. ಸರಗೂರಿನಲ್ಲಿ ಅಣ್ಣ ಮಾತು ಶುರು ಮಾಡಿರಬೇಕು. ತಂಬಾಕು ಮುಗಿಸಿ ಐದನೆಯ ನಿಲುವಿಗೆ ಬಂದಾಗ ಅವನ ಕೈ ಜೇಬಿಗೆ ಹೋಯಿತೋ ಇಲ್ಲವೋ, ನೋಡಲು ನಾನು ಅಲ್ಲಿರಲಿಲ್ಲ. ಡೈರಿ ಚೀಲದಲ್ಲಿತ್ತು, ತೆಗೆದರೆ ಅಕ್ಕಿ ಚೆಲ್ಲುತ್ತಿತ್ತು. ಹಾಗಾಗಿ ಎಚ್.ಡಿ. ಕೋಟೆಯಿಂದ ಮನೆಯವರೆಗಿನ ಇಷ್ಟು ಭಾಗವನ್ನು ಮಾತ್ರ ನೆನಪಿನಿಂದ ಬರೆದಿದ್ದೇನೆ.