ಕ್ಲೋರಿನ್ನಿನ ಆ ಅರ್ಧ

ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದ ನಾನು ತೊಂಬತ್ತರ ದಶಕದಲ್ಲಿ ಆಸ್ಟ್ರೇಲಿಯಾದ ಪರ್ತ್‌ಗೆ ಬಂದು, ಅಲ್ಲಿನ ಮೋರ್ಲಿ ಬಡಾವಣೆಯ ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳು ಕೆದರಿಟ್ಟ ಶರ್ಟು ಮಡಿಸುತ್ತಿದ್ದೆ. ಶನಿವಾರ ಮಧ್ಯಾಹ್ನ ಮಾತ್ರ ಮತ್ತೆ ಟೀಚರ್. ನಮ್ಮವರ ಮಕ್ಕಳು ಪಾಠ ಹೇಳಿಸಿಕೊಳ್ಳಲು ಮನೆಗೆ ಬರುತ್ತಿದ್ದರು. ನನ್ನ ಮಗಳು ಅವರ ಮುಂದೆ "ಮೈ ಮಮ್ ನೋಸ್ ಎವ್ರಿಥಿಂಗ್" ಎಂದು ಕೊಚ್ಚಿಕೊಳ್ಳುತ್ತಿದ್ದಳು. ಕೇಳಿ ನಾನು ಉಬ್ಬುತ್ತಿದ್ದೆ.

ಒಂದು ಶನಿವಾರ ಅವಳ ಗೆಳತಿ, ಗಲ್ಫಿನಿಂದ ಬಂದ ಮಂಗಳೂರಿನವರ ಹುಡುಗಿ, ಕೇಳಿದಳು. "ಆಂಟಿ, ಕ್ಲೋರಿನ್ ಆಟಮ್ ತೂಕ ಒಂದೋ ಥರ್ಟಿಫೈವ್, ಇಲ್ಲಾ ಥರ್ಟಿಸೆವೆನ್. ಮತ್ತೆ ಎಲಿಮೆಂಟ್ಸ್ ಚಾರ್ಟಲ್ಲಿ ಯಾಕೆ ಥರ್ಟಿಫೈವ್ ಪಾಯಿಂಟ್ ಫೈವ್?"

ಮೂವತ್ತೈದೂವರೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ, ಅಷ್ಟು ಬಾಯಿಪಾಠ. ಅದು ಎಲ್ಲಿಂದ ಬಂತೆಂದು ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ. ಸರಾಸರಿ ತಾನೇ ಎಂದು ಎರಡನ್ನೂ ಕೂಡಿಸಿ ಅರ್ಧ ಮಾಡಿದೆ. ಮೂವತ್ತಾರು ಬಂತು. ಮತ್ತೆ ಮಾಡಿದೆ. ಮತ್ತೂ ಮೂವತ್ತಾರೇ.

"ಅದು ಸುಮಾರಾಗಿ ಹಾಕಿರೋದಮ್ಮ. ಎಕ್ಸಾಮಲ್ಲಿ ಚಾರ್ಟ್‌ನಲ್ಲಿರೋದನ್ನೇ ಬರಿ," ಎಂದೆ.

ಪಾಪದ ಹುಡುಗಿ ತಲೆಯಾಡಿಸಿ ಬರೆದುಕೊಂಡಳು. ನನ್ನ ಮಗಳು ಮೇಜನ್ನೇ ನೋಡುತ್ತಿದ್ದಳು. ಅವಳಿಗೆ ಉತ್ತರ ಗೊತ್ತಿತ್ತು, ಗೆಳತಿಯ ಮುಂದೆ ನನ್ನ ಮಾನ ಕಾಯುತ್ತಿದ್ದಳು. ಅದು ತಿಳಿದಾಗ ನನ್ನ ಮುಖ ಬಿಸಿಯಾಯಿತು. ಅವಳು ಬಾಯಿಬಿಟ್ಟು ಜಗಳ ಆಡಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಬುಟ್ಟಿಯಿಂದ ಮೂರು ನಿಂಬೆಹಣ್ಣು, ಒಂದು ಈರುಳ್ಳಿ ತಂದು ಮೇಜಿನ ಮೇಲಿಟ್ಟಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಅವತ್ತು ಕನ್ನಡ ಹೆಕ್ಕಿ ಹೆಕ್ಕಿ ಮಾತಾಡಿದಳು, ಚಿಕ್ಕ ಮಗುವಿಗೆ ಹೇಳುವ ಹಾಗೆ.

"ನೋಡಮ್ಮ. ನಿಂಬೆಹಣ್ಣು ಥರ್ಟಿಫೈವ್. ಈರುಳ್ಳಿ ಥರ್ಟಿಸೆವೆನ್. ಎರಡೂ ಸೇಮ್ ನಂಬರಲ್ಲಿ ಇರಲ್ಲ. ನಾಲ್ಕು ಆಟಮ್ ತಗೊಂಡ್ರೆ ಹೆಚ್ಚುಕಮ್ಮಿ ಮೂರು ನಿಂಬೆಹಣ್ಣೇ. ಎಲ್ಲಾ ಆಡ್ ಮಾಡಿ ನಾಲ್ಕರಿಂದ ಡಿವೈಡ್ ಮಾಡು."

ನೂರ ನಲವತ್ತೆರಡು. ನಾಲ್ಕರಿಂದ ಭಾಗಿಸಿದರೆ ಮೂವತ್ತೈದೂವರೆ. ಯಾವ ಒಂದು ಪರಮಾಣುವಿನ ತೂಕವೂ ಅದಲ್ಲ, ಗುಂಪಿನ ತೂಕ. ಲಘುವಾದವೇ ಹೆಚ್ಚಿರುವುದರಿಂದ ಸರಾಸರಿ ಅವುಗಳ ಕಡೆಗೆ ವಾಲಿದೆ. ಇಷ್ಟೇ ಇಷ್ಟು.

"ಅರ್ಥ ಆಯ್ತಾ, ಅಮ್ಮ?" ಎಂದಳು.

ಮೈಸೂರಿನಲ್ಲಿ ಪ್ರತಿ ಪಾಠದ ಕೊನೆಗೂ ನಾನು ಹೀಗೇ ಕೇಳುತ್ತಿದ್ದೆ. ಕೇಳುತ್ತಲೇ ಬೋರ್ಡು ಒರೆಸಿಬಿಡುತ್ತಿದ್ದೆ. ಇವಳು ನನ್ನ ಮುಖ ನೋಡುತ್ತಾ ಉತ್ತರಕ್ಕೆ ಕಾಯುತ್ತಿದ್ದಳು.

"ಆಯ್ತು. ಆ ಹುಡುಗಿಗೆ ಈಗಲೇ ಫೋನ್ ಮಾಡು," ಎಂದೆ. "ನಾನು ತಪ್ಪು ಹೇಳ್ದೆ ಅಂತ ನಾನೇ ಹೇಳ್ತೀನಿ. ಆಮೇಲೆ ಪಾಠ ನೀನು ಮಾಡು."