ಬಾಗಿಲು ತೆಗೆದ್ರು, ಎಲ್ರೂ ಮನೆಗೆ ಹೋದ್ರು

ಒಂದು ಥಿಯೇಟರು, ಅದಕ್ಕೊಬ್ಬಳು ಗೇಟ್‌ಕೀಪರು. ಹೆತ್ತವರು ಇಟ್ಟ ಹೆಸರೊಂದು ಅವಳಿಗೂ ಇತ್ತು. ಅದು ಸಂಬಳದ ದಿನ ಹೊರಗೆ ಬಂದು, ಸಹಿ ಹಾಕಿ, ಮತ್ತೆ ಒಳಗೆ ಹೋಗಿ ಮಲಗುತ್ತಿತ್ತು. ಉಳಿದಂತೆ ಎಲ್ಲರ ಬಾಯಲ್ಲೂ ಅವಳು ಟಾರ್ಚಮ್ಮ. ಕತ್ತಲಲ್ಲಿ ತಡವರಿಸುತ್ತ ಬಂದವರಿಗೆ ಸೀಟು ತೋರಿಸುವುದು ಅವಳ ಕೆಲಸ. ಬೆಳಕು ಮೆಟ್ಟಿಲ ಮೇಲೆ ಬೀಳಬೇಕು, ಕೂತವರ ಮುಖಕ್ಕೆ ಬೀಳಬಾರದು ಎಂದು ಟಾರ್ಚಿನ ಗಾಜಿಗೆ ಹೆಬ್ಬೆರಳು ಅಡ್ಡ ಹಿಡಿಯುತ್ತಿದ್ದಳು. ಆ ಹೆಬ್ಬೆರಳು ಕತ್ತಲಲ್ಲಿ ಕೆಂಡದ ಹಾಗೆ ಕೆಂಪಗೆ ಕಾಣಿಸಿತೆಂದರೆ ಖಾಯಂ ಗಿರಾಕಿಗಳು, ‘ಟಾರ್ಚಮ್ಮ ಬಂದ್ಲು, ಕಾಲು ಒಳಗೆ ಎಳ್ಕೊಳ್ರಪ್ಪಾ’ ಎನ್ನುತ್ತಿದ್ದರು.

ಈ ಟಾರ್ಚಮ್ಮನಿಗೊಂದು ಹುಚ್ಚಿತ್ತು. ಹೊಡೆದಾಟದ ಸಿನಿಮಾ ಬಂದರೆ ಗೋಡೆಗೊರಗಿ ಆಕಳಿಸುವಳು. ಅಳಿಸುವ ಸಿನಿಮಾ ಬಂದರೆ ಮರುದಿನದ ಅಡುಗೆಯ ಲೆಕ್ಕ ಹಾಕುವಳು. ಕಾರ್ಟೂನ್ ಸಿನಿಮಾ ಬಂತು, ಅದರಲ್ಲೂ ರಾಜಕುಮಾರಿಯ ಕತೆ ಬಂತು ಎಂದರೆ ಮಾತ್ರ ಕಣ್ಣು ರೆಪ್ಪೆ ಹೊಡೆಯದು. ಗೋಪುರದಲ್ಲಿ ಕೂಡಿಹಾಕಿದವಳು, ಶಾಪದಿಂದ ನಿದ್ದೆ ಹೋದವಳು, ಮಲತಾಯಿಯ ಕೈಗೆ ಸಿಕ್ಕವಳು, ಎಲ್ಲರೂ ಅವಳಿಗೆ ಬೇಕಾದವರೇ. ಅದೇ ಕತೆ ಹೊಸ ಬಣ್ಣ ಬಳಿದುಕೊಂಡು ಮತ್ತೆ ಬಂದರೂ ನೋಡುವಳು, ಕಂಪ್ಯೂಟರಿನಲ್ಲಿ ಮಾಡಿದ್ದು ಬಂದರೂ ನೋಡುವಳು, ನೋಡಿ ಬೈಯುವಳು, ಬೈದು ಮತ್ತೆ ನೋಡುವಳು.

ಆದರೆ ನೋಡಿದ್ದು ಎಷ್ಟು? ಕತೆ ಶುರುವಾಗುವಾಗ ಅವಳು ಬಾಗಿಲಲ್ಲಿ ಟಿಕೆಟ್ ಹರಿಯುತ್ತಿರುತ್ತಿದ್ದಳು. ತಡವಾಗಿ ಬಂದವರೆಲ್ಲ ಕೂತು, ಯಾರದೋ ಸೀಟಿನಲ್ಲಿ ಯಾರೋ ಕೂತ ಜಗಳ ಬಗೆಹರಿದು, ಬಾಲ್ಕನಿಯ ಕೆಳಗಿನ ಗೋಡೆಗೆ ಬೆನ್ನು ಕೊಡುವ ಹೊತ್ತಿಗೆ ರಾಜಕುಮಾರಿಯ ತಾಯಿ ಸತ್ತು, ಮಲತಾಯಿ ಬಂದು, ಹುಡುಗಿ ಕೆಲಸಕ್ಕೆ ಬಿದ್ದಿರುತ್ತಿದ್ದಳು. ಇನ್ನೇನು ಕತೆ ಮುಗಿಯಬೇಕು ಎನ್ನುವಾಗ ಟಾರ್ಚಮ್ಮ ಹೊರಡಲೇಬೇಕು. ಪಕ್ಕದ ಓಣಿಗೆ ತೆರೆಯುವ ಬಾಗಿಲಿಗೆ ಒಳಗಿನಿಂದಲೂ ಹೊರಗಿನಿಂದಲೂ ಎತ್ತಬಹುದಾದ ಕಬ್ಬಿಣದ ಅಡ್ಡಪಟ್ಟಿ, ಅದು ಬಲು ಬಿಗಿ. ದೀಪ ಹತ್ತುವ ಮೊದಲೇ ಹೊರಗಿನಿಂದ ಸುತ್ತಿಹೋಗಿ ಬೀಗ ತೆಗೆದು, ಪಟ್ಟಿ ಎತ್ತಿ ಸಿದ್ಧವಾಗಿ ನಿಂತಿರಬೇಕು, ಇಲ್ಲದಿದ್ದರೆ ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಹೀಗಾಗಿ ಅವಳು ಕಂಡ ಕತೆಗಳಿಗೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ಬರೀ ನಡು.

ಅವಳಿಗೆ ಎಲ್ಲಕ್ಕಿಂತ ಪ್ರೀತಿ ಕೊಕ್ಕರೆಗಳ ರಾಜಕುಮಾರಿಯ ಮೇಲೆ. ಮಲತಾಯಿ ರಾಣಿ ಅವಳನ್ನು ನದಿಯ ದಂಡೆಗೆ ಅಟ್ಟಿ, ಅರಮನೆಯ ಹಾಸಿಗೆ ಬಟ್ಟೆಯನ್ನೆಲ್ಲ ಒಗೆಸುತ್ತಾಳೆ. ಹುಡುಗಿ ಒಗೆಯುತ್ತಾಳೆ, ಕೊಕ್ಕರೆಗಳು ಬಟ್ಟೆಯ ತುದಿ ಕಚ್ಚಿ ಹಿಂಡುತ್ತವೆ. ಕೈಯಿಂದ ಬಿಡಿಸಿದ ಹಳೆಯ ಸಿನಿಮಾ ಅದು. ‘ಒದ್ದೆ ಬಟ್ಟೆ ಎತ್ತೋವಾಗ ಅವಳ ಮಣಿಕಟ್ಟು ನಡುಗೋದನ್ನ ನೋಡ್ಬೇಕು. ಬಿಡಿಸಿದೋನು ಒಂದು ದಿನವಾದ್ರೂ ಬಟ್ಟೆ ಒಗೆದಿರ್ಬೇಕು’ ಎಂದು ಟಾರ್ಚಮ್ಮ ಕಂಡಕಂಡವರಿಗೆ ಹೇಳುತ್ತಿದ್ದಳು. ಕೊನೆಯಲ್ಲಿ ಅವಳು ಓಣಿಯಲ್ಲಿ ನಿಂತಿರುವಾಗ ಬಾಗಿಲಿನಾಚೆಯಿಂದ ಧಬ್ ಧಬ್ ಧಬ್ ಎಂದು ಸದ್ದು ಕೇಳುತ್ತಿತ್ತು. ಹುಡುಗಿ ರಾಣಿಯ ಕೊನೆಯ ಬಟ್ಟೆಯನ್ನು ಖುಷಿಯಿಂದ ಕಲ್ಲಿಗೆ ಬಡಿಯುತ್ತಿದ್ದಾಳೆ, ಇವತ್ತಿಗೆ ಮುಗಿಯಿತು ಇವಳ ಚಾಕರಿ, ಎಂದುಕೊಂಡು ಟಾರ್ಚಮ್ಮ ಹಗುರಾಗಿ ಅಡ್ಡಪಟ್ಟಿ ಎತ್ತುತ್ತಿದ್ದಳು.

ಗಂಡ ಬೇಗ ತೀರಿಕೊಂಡಿದ್ದ. ಮಗಳು ಚಿಕ್ಕವಳಾಗಿದ್ದಾಗ ಟಿಕೆಟ್ ಕೌಂಟರಿನೊಳಗೆ ಸ್ಟೂಲಿನ ಮೇಲೆ ಕೂತು ಶಾಲೆಯ ಪಾಠ ಬರೆಯುತ್ತಿದ್ದಳು. ಕೆಲಸದವರ ಮಕ್ಕಳನ್ನು ಹಾಲಿನೊಳಗೆ ಬಿಡಬಾರದೆಂದು ಆಗಿನ ಮ್ಯಾನೇಜರನ ಅಪ್ಪಣೆ. ಮನೆಗೆ ಹೋಗುವ ಬಸ್ಸಿನಲ್ಲಿ ಅಮ್ಮ ಕತೆ ಹೇಳಬೇಕು. ನಡುವನ್ನೆಲ್ಲ ಹೇಳಿ ಮುಗಿಸಿದ ಮೇಲೆ ಮಗು ‘ಆಮೇಲೆ?’ ಎಂದು ಕೇಳುವುದು ಇದ್ದದ್ದೇ. ನೋಡದ್ದನ್ನು ಹೇಳುವವಳಲ್ಲ ಟಾರ್ಚಮ್ಮ. ‘ಆಮೇಲೆ ಬಾಗಿಲು ತೆಗೆದ್ರು, ಎಲ್ರೂ ಮನೆಗೆ ಹೋದ್ರು’ ಎನ್ನುತ್ತಿದ್ದಳು.

ಆ ಮಗು ಈಗ ಬೆಳೆದು ಈಜು ಕಲಿಸುವ ಟೀಚರಾಗಿದೆ. ಕುತ್ತಿಗೆಯಲ್ಲಿ ಸೀಟಿ, ಬಾಯಲ್ಲಿ ಒಂದೇ ಮಂತ್ರ: ‘ಯಾರೂ ಬಂದು ಎತ್ತಲ್ಲ, ಕಾಲು ಬಡಿ!’ ಅಳಿಯ ದೂರದೂರಕ್ಕೆ ಲಾರಿ ಓಡಿಸುವವನು. ಶನಿವಾರ ಬೆಳಿಗ್ಗೆ ಈಜುಕೊಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಹಾಗಾಗಿ ಅವತ್ತು ಮೊಮ್ಮಗಳು ಪುಟ್ಟಿ ಅಜ್ಜಿಯ ಪಾಲು. ಈಗಿನ ಮ್ಯಾನೇಜರು ಒಳ್ಳೆಯವನು; ಶನಿವಾರದ ಮಕ್ಕಳ ಆಟಕ್ಕೆ ಅರ್ಧ ಹಾಲು ಖಾಲಿಯೇ ಇರುವುದರಿಂದ ಪುಟ್ಟಿಯನ್ನು ಕೂರಿಸಿಕೋ ಎಂದಿದ್ದ. ಇಷ್ಟು ಕಾಲ ಒಬ್ಬಳೇ ಗೋಡೆಗೊರಗಿ ನೋಡಿದವಳಿಗೆ ಕೊನೆಗೂ ಪಕ್ಕದಲ್ಲೊಂದು ಜೊತೆ. ಅದೂ ಬರುವ ಶನಿವಾರ ಕೊಕ್ಕರೆಗಳ ರಾಜಕುಮಾರಿ, ಹಳೆಯದೇ, ಮತ್ತೆ ಬರುತ್ತಿತ್ತು! ಅದರ ಮುಂದಿನ ವಾರ ಅದೇ ಕತೆಯ ಹೊಸ ಸಿನಿಮಾ. ಅಜ್ಜಿ ಮೊಮ್ಮಗಳು ಇಬ್ಬರೂ ದಿನ ಎಣಿಸುತ್ತಿದ್ದರು.

ಅಷ್ಟರಲ್ಲಿ ಆಗಬಾರದ್ದು ಆಯಿತು. ಒಂದು ಸಂಜೆ ಈಜುಕೊಳದ ಬಟ್ಟೆ ಬದಲಿಸುವ ಕೋಣೆಯಲ್ಲಿ ಪುಟ್ಟಿ ಬೆಂಚಿನ ಮೇಲೆ ಕೈಕಟ್ಟಿ, ಕಣ್ಣು ಮುಚ್ಚಿ ಮಲಗಿಬಿಟ್ಟಳು. ಎಬ್ಬಿಸಿದರೆ, ‘ರಾಜಕುಮಾರ ಬರೋವರೆಗೂ ಏಳಲ್ಲ’ ಎಂಬ ಉತ್ತರ. ಉಳಿದ ಮಕ್ಕಳು ಕಿಸಕ್ಕೆಂದು ನಕ್ಕವು. ಟೀಚರಮ್ಮನ ಮಗಳೇ ಹೀಗೆ ಮಾಡಿದರೆ ಟೀಚರಮ್ಮನ ಮುಖ ಏನಾಗಬೇಡ? ಅವಳು ಒದ್ದೆ ಕೂದಲಲ್ಲೇ ಅಮ್ಮನ ಮನೆಗೆ ನುಗ್ಗಿದಳು.

‘ಇನ್ನು ಸಾಕಮ್ಮ. ಶನಿವಾರ ಪುಟ್ಟಿನ ಕಳಿಸಲ್ಲ.’

‘ನಾನೇನು ಮಾಡಿದ್ನೇ?’

‘ನೀನಲ್ದೆ ಇನ್ಯಾರು? ಬಾಯಿ ತೆಗೆದ್ರೆ ರಾಜಕುಮಾರಿ. ಕಾದು ಕೂತ್ಕೊಳ್ಳೋದನ್ನ ಕಲಿಸೋ ಕತೆಗಳು!’

‘ಯಾರೇ ಕಾದು ಕೂತಿದ್ದು? ಪಾಪ, ಆ ಹುಡುಗೀರಿಗೆ ಕೂತ್ಕೊಳ್ಳೋಕೆ ಪುರುಸೊತ್ತೆಲ್ಲಿದೆ? ಒಬ್ಳು ನೆಲ ಒರೆಸ್ತಾಳೆ, ಒಬ್ಳು ನೂಲ್ತಾಳೆ, ನಮ್ಮ ಕೊಕ್ಕರೆ ಹುಡುಗಿ ಬಟ್ಟೆ ಒಗೆದೂ ಒಗೆದೂ…’

‘ಕೊನೇಲಿ ಏನಾಗುತ್ತೆ?’

ಟಾರ್ಚಮ್ಮ ಒಗೆದ ಸೀರೆಯೊಂದನ್ನು ಎತ್ತಿ ಮಡಿಸತೊಡಗಿದಳು.

‘ಗೊತ್ತಿಲ್ಲ ಅಲ್ವಾ?’ ಎಂದಳು ಮಗಳು, ದನಿ ಸ್ವಲ್ಪ ತಗ್ಗಿಸಿ. ‘ಮೊದಲಿಂದ ಕೊನೇವರೆಗೂ ಒಂದ್ಸಲ ಕೂತು ನೋಡು. ನೋಡಿ ಬಂದು ನನಗೆ ನಿಜ ಹೇಳು. ಆಮೇಲೆ ಯೋಚನೆ ಮಾಡ್ತೀನಿ.’

ಹೊಸ ಪ್ರಿಂಟು ಬಂದಾಗ ಆಪರೇಟರು ಖಾಲಿ ಹಾಲಿನಲ್ಲಿ ಒಮ್ಮೆ ಓಡಿಸಿ ಪರೀಕ್ಷಿಸುವುದು ವಾಡಿಕೆ. ಗುರುವಾರ ಮಧ್ಯಾಹ್ನ ಎರಡೂ ಸಿನಿಮಾ ಓಡಿಸುವವನಿದ್ದ. ಟಾರ್ಚಮ್ಮ ಬಾಲ್ಕನಿಯ ಮೆಟ್ಟಿಲು ಹತ್ತಿ ಅವನ ಕೋಣೆಯ ಬಾಗಿಲಲ್ಲಿ ನಿಂತಳು.

‘ಅಣ್ಣಾ, ಇವತ್ತು ನಾನು ಕೂತ್ಕೊಂಡು ನೋಡ್ತೀನಿ.’

‘ಕೂತ್ಕೊಂಡಾ? ಟಿಕೆಟ್ ಎಲ್ಲಿ?’

‘ಹರಿಯೋಳು ನಾನೇ, ನನಗ್ಯಾವ ಟಿಕೆಟ್ಟು?’

‘ಸರಿ ಸರಿ. ಸೀಟು ಗೊತ್ತಾಗ್ದಿದ್ರೆ ಕೂಗಕ್ಕಾ, ಟಾರ್ಚ್ ಹಿಡ್ಕೊಂಡು ನಾನೇ ಬರ್ತೀನಿ’ ಎಂದು ಅವನು ಕಣ್ಣು ಮಿಟುಕಿಸಿದ.

ಎಲ್ಲರನ್ನೂ ಕೂರಿಸಿದವಳಿಗೆ ತಾನು ಎಲ್ಲಿ ಕೂರಬೇಕೆಂದೇ ತಿಳಿಯಲಿಲ್ಲ. ಮೂರು ಕಡೆ ಕೂತು ಎದ್ದು, ಕೊನೆಗೆ ಗೋಡೆಯ ಪಕ್ಕದ ಸೀಟಿಗೇ ಬಂದಳು. ಕತೆಯ ತಲೆಯನ್ನು ಮೊದಲ ಸಲ ಕಂಡಳು: ರಾಜಕುಮಾರಿಗೊಬ್ಬಳು ತಾಯಿಯಿದ್ದಳು, ನಗುತ್ತಿದ್ದಳು, ಮಗುವಿನ ಕೂದಲು ಬಾಚುತ್ತಿದ್ದಳು. ಆಮೇಲೆ ಅವಳಿಗೆ ಅಂಗೈಯಷ್ಟೇ ಗೊತ್ತಿದ್ದ ನದಿ, ಕಲ್ಲು, ಕೊಕ್ಕರೆಗಳು. ಹೊರಡುವ ಹೊತ್ತು ಬಂದಾಗ ಕಾಲು ತಾನಾಗಿ ಎದ್ದಿತು. ಸೀಟಿನ ಕೈ ಹಿಡಿದು ತನ್ನನ್ನು ತಾನೇ ಕೂರಿಸಿಕೊಂಡಳು.

ಆಗ ಬಂದ ನೋಡಿ, ಕುದುರೆಯ ಮೇಲೆ ಒಬ್ಬ. ಇಡೀ ಕತೆಯಲ್ಲಿ ಎಲ್ಲೂ ಇಲ್ಲದವನು. ಹುಡುಗಿಯ ಹೆಸರನ್ನೂ ಕೇಳಲಿಲ್ಲ, ಮುಖ ನೋಡಿದ, ಕೈ ಹಿಡಿದ. ಮರುಗಳಿಗೆಗೆ ಮದುವೆ, ಸಾರೋಟು, ಹೂವು. ಧಬ್ ಧಬ್ ಧಬ್ ಎಂದು ಶುರುವಾಯಿತು. ಟಾರ್ಚಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಅದು ಬಟ್ಟೆ ಬಡಿಯುವ ಸದ್ದಲ್ಲ, ಮದುವೆಯ ನಗಾರಿ. ಇನ್ನೂ ಹೊಟ್ಟೆ ಉರಿಸಿದ್ದು ಬೇರೆ. ಸಾರೋಟಿನಿಂದ ಕೈ ಬೀಸುವ ರಾಜಕುಮಾರಿಯ ಕೈಗಳು ಬೆಣ್ಣೆಯ ಹಾಗೆ ನುಣುಪಾಗಿದ್ದವು. ಒಂದು ಗೀರಿಲ್ಲ, ಒಂದು ಬಿರುಕಿಲ್ಲ. ಅಷ್ಟು ಒಗೆದ ಕೈಗಳನ್ನು ಎಲ್ಲಿಗೆ ಕಳಿಸಿದರು? ಕೊಕ್ಕರೆಗಳು ಮೇಲಿಂದ ಹಾರಿಹೋದವು, ಅವಳು ತಲೆಯೆತ್ತಿ ನೋಡಲೂ ಇಲ್ಲ.

ಹೊಸದನ್ನೂ ನೋಡಿದಳು. ಅದರಲ್ಲಿ ಹುಡುಗಿ ರಾಜಕುಮಾರನನ್ನು ಒಪ್ಪುವುದಿಲ್ಲ. ಅವನು ಕುದುರೆ ಹಿಡಿದುಕೊಂಡು ನಿಂತಿರುತ್ತಾನೆ, ಅವಳು ಅರಮನೆಯ ಮೆಟ್ಟಿಲ ಮೇಲೆ ನಿಂತು ಹೆಣ್ಣುಮಕ್ಕಳ ಬಗ್ಗೆ ಉದ್ದದ ಮಾತಾಡಿ, ಒಬ್ಬಳೇ ಹೊರಟುಹೋಗುತ್ತಾಳೆ. ‘ಭೇಷ್!’ ಎಂದಳು ಟಾರ್ಚಮ್ಮ ಜೋರಾಗಿಯೇ. ಆದರೆ ಈ ಹುಡುಗಿ ಕತ್ತಿ ಹಿಡಿದಿದ್ದಳೇ ಹೊರತು ಬಟ್ಟೆಯನ್ನು ಮುಟ್ಟಿರಲೇ ಇಲ್ಲ. ಮಂತ್ರದಿಂದ ಬಟ್ಟೆಗಳು ತಾವೇ ನದಿಗಿಳಿದು, ತಾವೇ ಹಿಂಡಿಕೊಂಡು, ಕುಣಿಯುತ್ತ ಹಗ್ಗದ ಮೇಲೆ ಹೋಗಿ ಕೂತವು.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಬಸ್ ಸ್ಟಾಪಿನಲ್ಲಿ ಅವಳ ಮನಸ್ಸು ಎರಡು ಕಡೆ ಜಗ್ಗಿತು. ‘ಕೊನೇಲಿ ಬಟ್ಟೆ ಬಡೀತಾಳೆ ಕಣೇ, ರಾಜಕುಮಾರನೂ ಇಲ್ಲ, ಗೀಜಕುಮಾರನೂ ಇಲ್ಲ’ ಅಂದುಬಿಟ್ಟರೆ ಯಾರು ಬಂದು ನೋಡುತ್ತಾರೆ? ಮಗಳಿಗೆ ಸಿನಿಮಾಕ್ಕೆ ಪುರುಸೊತ್ತಿಲ್ಲ. ಪುಟ್ಟಿ ಶನಿವಾರ ಪಕ್ಕದಲ್ಲಿರುತ್ತಾಳೆ. ಬಸ್ಸು ಬಂತು. ಹತ್ತಿ ಕೂತು, ಮನೆಯ ಸ್ಟಾಪಿನಲ್ಲಿ ಇಳಿಯದೆ ಈಜುಕೊಳದ ಸ್ಟಾಪಿಗೆ ಹೋದಳು.

ಮಗಳು ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಮಕ್ಕಳ ತೇಲುವ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಪುಟ್ಟಿ ನೀರಿನಲ್ಲಿದ್ದಳು.

‘ನೋಡ್ದೆ’ ಎಂದಳು ಟಾರ್ಚಮ್ಮ.

‘ಏನಾಯ್ತು?’

‘ನೀನು ಹೇಳಿದ್ದೇ ನಿಜ. ಬರ್ತಾನೆ ಒಬ್ಬ. ಹೆಸರೂ ಕೇಳಲ್ಲ. ಇವಳೂ ಹಿಂದೆ ಮುಂದೆ ನೋಡ್ದೆ ಹೋಗ್ಬಿಡ್ತಾಳೆ, ಕೊಕ್ಕರೆಗಳಿಗೆ ಒಂದು ಮಾತೂ ಹೇಳಲ್ಲ. ಅದ್ರ ಮೇಲೆ ಇವಳ ಕೈ ಬೇರೆ ಬದಲಾಯಿಸಿಬಿಟ್ಟಿದ್ದಾರೆ.’

‘ಹೊಸದು?’

‘ಹೊಸದರಲ್ಲಿ ಅವನು ಬೇಡ ಅಂತಾಳೆ, ಅದು ಚೆನ್ನಾಗಿದೆ, ನಿನಗೆ ಹಿಡಿಸುತ್ತೆ. ಆದ್ರೆ ಅವಳಿಗೆ ದಣಿವೇ ಇಲ್ಲ ಕಣೇ. ದಣೀದೇ ಇರೋಳ ಕತೆ ನಾನು ಯಾಕೆ ನೋಡ್ಲಿ?’ ಟಾರ್ಚಮ್ಮ ಬೆಂಚಿನ ಮೇಲೆ ಕೂತು ಚಪ್ಪಲಿ ಬಿಟ್ಟಳು. ‘ನೀನು ಪುಟ್ಟಿನ ಕಳಿಸ್ಬೇಡ, ಸರಿ. ನಂಗೆ ಬೇಜಾರಿಲ್ಲ ಅಂತ ಹೇಳಲ್ಲ. ತುಂಬಾ ಬೇಜಾರಾಗಿದೆ.’

ಮಗಳು ಹಲಗೆ ಜೋಡಿಸುವುದನ್ನು ನಿಲ್ಲಿಸಿದಳು.

‘ಅಮ್ಮಾ, ನೀನು ಬಸ್ಸಲ್ಲಿ ಕೊನೆಗೆ ಏನು ಹೇಳ್ತಿದ್ದೆ, ನೆನಪಿದ್ಯಾ?’

‘ಏನು?’

‘ಬಾಗಿಲು ತೆಗೆದ್ರು, ಎಲ್ರೂ ಮನೆಗೆ ಹೋದ್ರು ಅಂತ. ಆ ಎಲ್ರಲ್ಲಿ ಅವಳೂ ಇರ್ತಾಳೆ ಅಂದ್ಕೊಂಡಿದ್ದೆ ನಾನು. ಕೌಂಟರಲ್ಲಿ ಸ್ಟೂಲ್ ಮೇಲೆ ನಿಂತು ಕಿಟಕೀಲಿ ನೋಡ್ತಿದ್ದೆ. ಜನ ಹೊರಗೆ ಬರೋವಾಗ ಯಾರ ಕೈ ಕೆಂಪಗಿದೆ, ಒರಟಾಗಿದೆ ಅಂತ ಹುಡುಕ್ತಿದ್ದೆ. ಎಷ್ಟೋ ಸಲ ಸಿಕ್ಕಿದ್ಲು ಕೂಡ.’

‘ಅಯ್ಯೋ ಹುಚ್ಚಿ!’

‘ಹುಚ್ಚೇ. ನಿನ್ನ ಹೊಟ್ಟೇಲಿ ಹುಟ್ಟಿದ್ದಕ್ಕೆ.’

ಇಬ್ಬರೂ ನಕ್ಕರು. ನಕ್ಕ ಮೇಲೆ ಮಗಳು, ‘ಶನಿವಾರ ಕರ್ಕೊಂಡು ಹೋಗು’ ಎಂದಳು. ‘ಬೇಕಿದ್ರೆ ಕೊನೆ ಬರೋಕೆ ಮುಂಚೆ ಎಬ್ಬಿಸಿ ನಿನ್ನ ಜೊತೆ ಓಣಿಗೆ ಕರ್ಕೊಂಡು ಬಾ. ನನಗೆ ಕೊನೆ ಹೇಳದೇ ಇದ್ದ ಹಾಗೇ.’

ಟಾರ್ಚಮ್ಮ ಒಂದು ಕ್ಷಣ ಆಸೆಪಟ್ಟಳು. ಆಮೇಲೆ ತಲೆಯಾಡಿಸಿದಳು. ‘ಬೇಡ. ನಿನಗೆ ಮುಚ್ಚಿಟ್ಟು ಹೇಳಿದ್ದಲ್ಲ, ನಂಗೇ ಗೊತ್ತಿರ್ಲಿಲ್ಲ. ಈಗ ಗೊತ್ತಿದ್ದೂ ಎಬ್ಬಿಸಿದ್ರೆ ಅದು ಕಳ್ಳಾಟ. ಅವಳು ನೋಡ್ಲಿ. ನೋಡಿ ಏನು ಬೇಕಾದ್ರೂ ಅಂದ್ಕೊಳ್ಳಲಿ.’

ಶನಿವಾರ ಪುಟ್ಟಿ ಗೋಡೆಯ ಪಕ್ಕದ ಸೀಟಿನಲ್ಲಿ ಕಾಲು ಮಡಿಚಿ ಕೂತು ನೋಡಿದಳು. ಮಣಿಕಟ್ಟು ನಡುಗುವ ಜಾಗ ಬಂದಾಗ ಅಜ್ಜಿ ಬಗ್ಗಿ, ‘ನೋಡಿದ್ಯಾ?’ ಎಂದಳು. ‘ಶ್ಶ್’ ಎಂದಳು ಮೊಮ್ಮಗಳು. ಹೊತ್ತಾಯಿತು. ‘ಇಲ್ಲೇ ಕೂತಿರು, ಮುಗಿದ ಮೇಲೆ ಬರ್ತೀನಿ’ ಎಂದು ಹೇಳಿ ಟಾರ್ಚಮ್ಮ ಎದ್ದಳು. ಅವತ್ತು ಯಾಕೋ ಹೊರಗಿನಿಂದ ಸುತ್ತಿಹೋಗಲು ಮನಸ್ಸಾಗದೆ, ಬೀಗವನ್ನು ಆಟಕ್ಕೆ ಮೊದಲೇ ತೆಗೆದಿಟ್ಟಿದ್ದಳು; ಒಳಗಿನಿಂದಲೇ ಬಾಗಿಲಿನ ಪರದೆ ಸರಿಸಿ ನಿಂತಳು. ನಗಾರಿ ಶುರುವಾಯಿತು. ಅದನ್ನು ಮತ್ತೆ ಬಟ್ಟೆ ಬಡಿಯುವ ಸದ್ದು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ.

ಮೊಣಕಾಲಿಗೆ ಏನೋ ತಾಗಿತು. ಪುಟ್ಟಿ.

‘ಮುಗೀತಾ?’

‘ಇಲ್ಲ, ಮದುವೆ ಆಗ್ತಿದೆ.’

‘ಮತ್ತೆ ಎದ್ದು ಬಂದ್ಯಲ್ಲೇ?’

‘ಮದುವೇಲಿ ಬರೀ ಕೈ ಬೀಸ್ತಾರೆ, ಅಷ್ಟೇ. ನಿನ್ನ ಬಾಗಿಲು ತುಂಬಾ ಬಿಗಿ ಅಂದಿದ್ಯಲ್ಲ ಅಜ್ಜಿ, ನಾನೂ ಒಂದು ಕೈ ಹಾಕ್ತೀನಿ.’

ಇಬ್ಬರೂ ಅಡ್ಡಪಟ್ಟಿಗೆ ಕೈ ಹಾಕಿದರು. ಪಟ್ಟಿ ಒಮ್ಮೆ ಮುನಿದು, ಆಮೇಲೆ ಎದ್ದಿತು. ಬಾಗಿಲು ತೆರೆದುಕೊಂಡು ಓಣಿಯ ಬಿಸಿಲು ಪುಟ್ಟಿಯ ಹೊಟ್ಟೆಯವರೆಗೂ ಬಂತು. ಹಿಂದೆ ದೀಪ ಹತ್ತಿತು. ಮಕ್ಕಳು, ಅವರ ಅಪ್ಪ ಅಮ್ಮಂದಿರು, ಸೀಟಿನ ಕೆಳಗೆ ಕಳೆದ ಒಂದು ಚಪ್ಪಲಿಗಾಗಿ ರಂಪ ಮಾಡುವ ಒಬ್ಬ ಪೋರ, ಎಲ್ಲ ಹೊರಗೆ ಹರಿದುಬಂದರು.

ಓಣಿಯ ಆಚೆ ಬದಿಗೆ ಒದ್ದೆ ಕೂದಲಲ್ಲಿ ಮಗಳು ನಿಂತಿದ್ದಳು. ಕೊಳದ ಕೆಲಸವನ್ನು ಯಾರಿಗೋ ಒಪ್ಪಿಸಿ ಬಂದಿರಬೇಕು. ಪುಟ್ಟಿ ‘ಅಮ್ಮಾ’ ಎಂದು ಕೂಗಿದರೂ ಅವಳಿಗೆ ತಕ್ಷಣ ಕೇಳಿಸಲಿಲ್ಲ. ಬರುವವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು, ಮುಖವನ್ನಲ್ಲ, ಕೈಗಳನ್ನು.

‘ಯಾರನ್ನ ಹುಡುಕ್ತಿದ್ದೀಯಮ್ಮಾ?’ ಎಂದಳು ಪುಟ್ಟಿ.

ಮಗಳು ಬೆಚ್ಚಿ, ನಾಚಿ, ಬಾಗಿಲಿನ ಕಡೆ ನೋಡಿದಳು. ಟಾರ್ಚಮ್ಮ ಇನ್ನೂ, ಪಟ್ಟಿ ಎತ್ತಿ ಕೆಂಪಗಾದ ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಪರದೆ ಹಿಡಿದು, ಕೊನೆಯವರು ದಾಟಲೆಂದು ನಿಂತಿದ್ದಳು.